ಬರಿದೇ ಸುತ್ತಿದ ಹಿಡಿ

"ಈ ನರ್ಸೇ ನಮ್ಮತ್ತೇನ ಕೊಂದಿದ್ದು!"

ಮನೆಯೊಡತಿಯ ಸೋದರಳಿಯನ ಅರಚಾಟ ಕೇಳಿ ಮಹಡಿಯ ಬಾಡಿಗೆ ಮನೆಯಿಂದ ಓಡಿಬಂದ ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮನೆಯೊಡತಿ ಸತ್ತಿರಲಿಲ್ಲ, ಆಸ್ಪತ್ರೆಯಲ್ಲಿ ಉಸಿರಿಗಾಗಿ ಹೆಣಗುತ್ತಿದ್ದರು.

"ಬದುಕಿರೋರನ್ನ ಯಾಕೆ ಸಾಯಿಸ್ತೀಯೋ?" ಎಂದು ಸಿಡುಕಿದಳು. ಹಿಂದೆಯೇ ಇಳಿದು ಬಂದ ಅವಳ ಅಕ್ಕ ಮಾತ್ರ ನೇರ ಒಡತಿಯ ಕೋಣೆಗೆ ನಡೆದಳು. ಪೊಲೀಸ್ ಕೆಲಸದಿಂದ ನಿವೃತ್ತಳಾಗಿ ಮನೆಯಲ್ಲಿದ್ದರೂ ಬೀದಿಯವರಿಗೆಲ್ಲ ಆಕೆ ಇನ್ನೂ ಇನ್ಸ್‌ಪೆಕ್ಟರಮ್ಮನೇ.

ಎದ್ದು ಓಡಾಡಲಾಗದ ಮುದುಕಿಯ ಕೋಣೆಯಲ್ಲಿ ರಾತ್ರಿಯಿಡೀ ಗ್ಯಾಸ್ ಹೀಟರ್ ಉರಿದು ವಿಷಗಾಳಿ ತುಂಬಿತ್ತು. ಹಿಡಿ ತಿರುಗಿಸಿದರೆ ಹೊರಕ್ಕೆ ತೆರೆದುಕೊಳ್ಳುವ ಕಿಟಕಿ ಮುಚ್ಚಿತ್ತು. ಹಿಡಿಯೇನೋ ಹಾಸಿಗೆಯ ಪಕ್ಕದಲ್ಲೇ ಇತ್ತು, ಆದರೆ ಅದರ ಯಂತ್ರದೊಳಗಿನ ಹಲ್ಲುಚಕ್ರ ಮುರಿದು ಅದು ಬರಿದೇ ಸುತ್ತುತ್ತಿತ್ತು. ಬೆಳಿಗ್ಗೆ ಸೋದರಳಿಯನ ಹೆಂಡತಿ ಬಾಗಿಲು ತೆಗೆದಾಗ ಅತ್ತೆಯ ಬೆರಳುಗಳು ಇನ್ನೂ ಅದನ್ನೇ ಬಿಗಿಹಿಡಿದಿದ್ದವು.

"ರಾತ್ರಿ ಊಟಕ್ಕೆ ಅಮ್ಮನ್ನ ಗಾಲಿಕುರ್ಚೀಲಿ ನಡುಮನೆಗೆ ಕರ್ಕೊಂಡು ಹೋಗೋ ಮುಂಚೆ ನಾನೇ ಕಿಟಕಿ ತೆಗೆದಿಟ್ಟಿದ್ದೆ. ಹಿಡಿ ಚೆನ್ನಾಗೇ ತಿರುಗ್ತು," ನರ್ಸ್ ಬಿಕ್ಕಿದಳು. "ಮಲಗಿಸೋದು ನಾನು ನೋಡ್ಕೋತೀನಿ, ನೀನು ಹೊರಡು ಅಂದಿದ್ದು ಇವರೇ," ಎಂದು ಸೋದರಳಿಯನತ್ತ ಕೈ ತೋರಿದಳು.

"ಸುಳ್ಳು! ಅದು ಕೆಟ್ಟು ತಿಂಗಳಾಯ್ತು. ಅದಕ್ಕೇ ಅಂಗಡಿಯಿಂದ ಹೊಸದು ತಂದಿಟ್ಟಿದ್ದೆ," ಎಂದು ಸೋದರಳಿಯ ಕಾಗದದ ಪೊಟ್ಟಣ ತೋರಿಸಿದ. "ಈಗಲೇ ಹಾಕಿಬಿಡ್ತೀನಿ."

"ಕೊಡಪ್ಪಾ, ನಾನೇ ಹಾಕ್ತೀನಿ," ಎಂದಳು ಇನ್ಸ್‌ಪೆಕ್ಟರಮ್ಮ.

ಟೈಲರಮ್ಮ ಹಲ್ಲು ಕಡಿದಳು. ಹೆಂಡತಿಗೆ ಹೊಡೆಯುವವನು ಈ ಮನೆಯಲ್ಲಿರಕೂಡದೆಂದು ಒಡತಿ ಇವನನ್ನು ಗದರಿಸಿದ್ದು ಮೊನ್ನೆಯಷ್ಟೇ ಮಹಡಿಗೂ ಕೇಳಿತ್ತು. ಅಕ್ಕ ನೋಡಿದರೆ ಇವನ ಕಿಟಕಿ ರಿಪೇರಿಗೆ ಕೂತಿದ್ದಾಳೆ!

ಸ್ಕ್ರೂ ಬಿಚ್ಚಿ ಮುರಿದ ಯಂತ್ರವನ್ನೆತ್ತಿದಾಗ ಹಸಿರು ಚೌಕಟ್ಟಿನಲ್ಲಿ ಬಣ್ಣ ತಾಗದ ಮರದ ಪಟ್ಟಿ ಕಂಡಿತು. ಅದು ಯಂತ್ರಕ್ಕಿಂತ ಉದ್ದವಿತ್ತು, ತುದಿಯಲ್ಲಿ ಸ್ಕ್ರೂಗಳ ಹಳೆಯ ತೂತುಗಳು ಖಾಲಿಯಿದ್ದವು. ಅಕ್ಕ ಪೊಟ್ಟಣ ಬಿಚ್ಚಿದಳು, ಹೊಸದನ್ನು ಕೂರಿಸಿದಳು, ತಿರುಗಿಸಿದಳು. ಕಿಟಕಿ ಸರಾಗವಾಗಿ ತೆರೆದುಕೊಂಡಿತು.

ಮುದುಕಿಗೆ ಪ್ರಜ್ಞೆ ಬಂತೆಂಬ ಸುದ್ದಿ ಬಂದದ್ದು ಸಂಜೆ. ಠಾಣೆಯ ಅಧಿಕಾರಿಯನ್ನೂ ಮನೆಯವರನ್ನೂ ಇನ್ಸ್‌ಪೆಕ್ಟರಮ್ಮ ಅದೇ ಕೋಣೆಗೆ ಕರೆಸಿದಳು.

"ಬಣ್ಣ ಹೊಡೆದೋನು ಯಂತ್ರ ಬಿಚ್ಚದೆ ಸುತ್ತ ಬಳಿದು ಹೋಗಿದ್ದಾನೆ. ಮುರಿದದ್ದು ಆ ಜಾಗಕ್ಕಿಂತ ಗಿಡ್ಡ. ಅಂದ್ರೆ ಅದು ಈ ಕಿಟಕೀದಲ್ಲ. ಇವನ ಹೊಸದೋ, ಹಳೇ ತೂತಿಗೆಲ್ಲ ಲೆಕ್ಕವಾಗಿ ಕೂತಿತು. ಅಂಚಲ್ಲಿ ಹಸಿರು ಹನಿ ನೋಡಿ, ಅದರ ಇನ್ನರ್ಧ ಚೌಕಟ್ಟಿನ ಮೇಲಿದೆ. ಏನಪ್ಪಾ, ಅಂಗಡಿಯೋನು ನಿಮ್ಮನೆ ಬಣ್ಣ ಹಚ್ಚಿ ಕೊಟ್ನಾ?"

ಸೋದರಳಿಯ ಬಾಗಿಲಿನತ್ತ ಒಂದು ಹೆಜ್ಜೆ ಹಿಂದೆ ಸರಿದ.

"ಊಟದ ಹೊತ್ತಿಗೆ ಕೋಣೆ ಖಾಲಿ. ಚೆನ್ನಾಗಿದ್ದದ್ದನ್ನ ಬಿಚ್ಚಿ, ಎಲ್ಲಿಂದಲೋ ತಂದ ಮುರುಕು ಹಾಕಿ, ಕಿಟಕಿ ಮುಚ್ಚಿದೆ. ಬೆಳಿಗ್ಗೆ ಯಾರೂ ಬಿಚ್ಚಿ ನೋಡೋ ಮುಂಚೆ ಹಳೇದನ್ನೇ ಹೊಸದು ಅಂತ ವಾಪಸ್ ಹಾಕೋ ಆತುರ ನಿನಗೆ."

"ಥೂ ಪಾಪಿ! ಉಂಡ ಮನೆಗೇ ಎರಡು ಬಗೆದ್ಯಲ್ಲೋ!" ಟೈಲರಮ್ಮ ಅವನ ಕೊರಳಪಟ್ಟಿಗೆ ಕೈಹಾಕಿದಳು. ಅಧಿಕಾರಿ ನಡುವೆ ಬಂದ.

"ನಾನು ಊಟಕ್ಕೆ ಕೂತಿದ್ದೆ ಅಂತ ಹೇಳೇ!" ಸೋದರಳಿಯ ಹೆಂಡತಿಯತ್ತ ಗುಡುಗಿದ.

ಅವಳು ತಲೆ ತಗ್ಗಿಸಲಿಲ್ಲ. "ನಿಮ್ಮ ತಟ್ಟೇಲಿ ಅನ್ನ ಆರಿ ಹೋಗಿತ್ತು. ಹೇಳ್ತೀನಿ, ಠಾಣೆಗೇ ಬಂದು ಹೇಳ್ತೀನಿ," ಎಂದು ಚಪ್ಪಲಿ ಮೆಟ್ಟಿ, ಅವನಿಗಿಂತ ಮೊದಲೇ ಹೊಸಿಲು ದಾಟಿದಳು.