ಏಳನೇ ಬೀದಿಯ ಬಣ್ಣ

ಸೋಮವಾರ ಬೆಳಗ್ಗೆ 10.20ಕ್ಕೆ ಠಾಣೆಗೆ ಬಂದ ದರ್ಜಿ ಹೆಂಗಸು ತನ್ನ ಫೋನನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲಿಟ್ಟಳು. ಪರದೆಯಲ್ಲಿ ಅಂಕಿಅಂಶ ಕಚೇರಿಯ ನಕಾಶೆ. ಆರ್ಥಿಕ ಕುಸಿತದಿಂದ ಅರ್ಧಕ್ಕಿಂತ ಹೆಚ್ಚು ಅಂಗಡಿ ಮುಚ್ಚಿದ ಬೀದಿಗೆ ಕೆಂಪು, ಉಳಿದವಕ್ಕೆ ಹಸಿರು. ಬೀದಿಯ ಮೇಲೆ ಬೆರಳಿಟ್ಟರೆ ಅಂಕಿ ತೆರೆದುಕೊಳ್ಳುತ್ತಿತ್ತು. ಕೆಂಪು ಬೀದಿಯಲ್ಲಿ ಬಾಗಿಲು ಹಾಕಿದವರಿಗೆ ಮಾತ್ರ ಸರ್ಕಾರದ ಪರಿಹಾರ.

"ಶುಕ್ರವಾರದವರೆಗೆ ನಮ್ಮ ಏಳನೇ ಬೀದಿ ಕೆಂಪಿತ್ತು. ಈಗ ಹಸಿರು, ಪರಿಹಾರ ಇಲ್ಲ ಅಂತಾರೆ. ಬೀದಿ ತುಂಬ ಬೀಗ ಬಿದ್ದಿವೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಮೇಡಂ?"

"ಕನ್ನಡಿ ಬೇಡ, ಬಣ್ಣ ಬದಲಾಯಿಸಿದ ಕೈ ಬೇಕು. ಸಿಗುತ್ತೆ, ಹೋಗಿ ಬಾರಮ್ಮ."

10.45ಕ್ಕೆ ಎಫ್‌ಐಆರ್ ದಾಖಲಾಯಿತು.

ಅಂಕಿಅಂಶ ಕಚೇರಿಯಲ್ಲಿ ನಕಾಶೆ ಬಿಡಿಸುವ ಹುಡುಗಿ ತಿದ್ದುಪಡಿಗಳ ದಾಖಲೆ ತೆರೆದಳು. ಶುಕ್ರವಾರ ಮಧ್ಯಾಹ್ನ 1.12: ಏಳನೇ ಬೀದಿ, ಮುಚ್ಚಿದ ಅಂಗಡಿ 36 ಇದ್ದದ್ದು 6. ಯಾರೋ ಮೂರೆಂಬ ಒಂದು ಅಂಕಿಯನ್ನು ಅಳಿಸಿದ್ದರು, ಅಷ್ಟೇ.

"ಕಂಪ್ಯೂಟರ್ ನಂದೇ. ಆದ್ರೆ ನಾನು ಊಟಕ್ಕೆ ಹೋಗಿದ್ದೆ."

ಕ್ಯಾಂಟೀನಿನ ಕ್ಯಾಮೆರಾ ಅವಳ ಮಾತನ್ನು ಎತ್ತಿಹಿಡಿಯಿತು. ಮೊಗಸಾಲೆಯ ಕ್ಯಾಮೆರಾದಲ್ಲಿ 1.08ಕ್ಕೆ ಅವಳ ಕೋಣೆ ಹೊಕ್ಕವನು ಅಂಕಿಗಳ ಪರಿಶೀಲಕ. ಪಂಚನಾಮೆ ಮುಗಿಸಿ ಕಂಪ್ಯೂಟರಿಗೆ ಮೊಹರು ಹಾಕಿದರು.

ಏಳನೇ ಬೀದಿಗೆ ಹೋದವನು 'ಸಾವಧಾನ' ಎಂಬ ಅಡ್ಡಹೆಸರಿನ ಕಾನ್‌ಸ್ಟೇಬಲ್. ಇವನ ನಿಧಾನಕ್ಕೆ ಬೇಸತ್ತು ಕಳ್ಳರೇ ಒಪ್ಪಿಕೊಳ್ಳುತ್ತಾರೆಂದು ಠಾಣೆಯಲ್ಲಿ ತಮಾಷೆಯಿತ್ತು. ಸಂಜೆ ನಾಲ್ಕಕ್ಕೆ ಮರಳಿದ.

"ಬಾಗಿಲು ಬಾಗಿಲಿಗೂ ಹೋಗಿ ಎಣಿಸಿದೆ ಮೇಡಂ. ಮುಚ್ಚಿದ್ದು ಮೂವತ್ತಾರೇ, ತೆರೆದಿರೋದು ಹನ್ನೆರಡು. ಅದರಲ್ಲೊಬ್ಬ ಕಬ್ಬಿಣದಂಗಡಿಯವನು, ನನ್ನ ತಮ್ಮ ಅಂಕಿಅಂಶದ ಕಚೇರೀಲಿ ಪರಿಶೀಲಕ ಅಂತ ಎದೆಯುಬ್ಬಿಸಿ ಹೇಳ್ದ."

ಇನ್‌ಸ್ಪೆಕ್ಟರ್ ನಕ್ಕಳು. "ಆ ತಮ್ಮನ್ನ ನಾಳೆ ಹನ್ನೊಂದಕ್ಕೆ ಕರೆಸು."

ಮಂಗಳವಾರ ಪರಿಶೀಲಕ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು ಕುಳಿತ.

"ಆ ಕೋಣೆಗೆ ಯಾಕೆ ಹೋಗಿದ್ರಿ?"

"ಫೈಲ್ ಇಡೋಕೆ."

"ಏಳನೇ ಬೀದೀಲಿ ನಿಮ್ಮೋರು ಯಾರಿದ್ದಾರೆ?"

"ಯಾರೂ ಇಲ್ಲ."

"ಕಬ್ಬಿಣದಂಗಡಿಯವರು?"

ಅವನು ಕನ್ನಡಕ ತೆಗೆದು ಒರೆಸಿದ, ಮತ್ತೆ ಒರೆಸಿದ. "ಅಣ್ಣ," ಎಂದ. ಆಮೇಲೆ ಮಾತು ನಿಲ್ಲಲಿಲ್ಲ. "ಬೀದಿ ಕೆಂಪಾಗಿದ್ದೇ ತಡ, ಮುಳುಗೋ ಬೀದಿ ಅಂತ ಸಗಟಿನವರು ಅಣ್ಣನಿಗೆ ಸರಕು ಕೊಡೋದು ನಿಲ್ಲಿಸಿದ್ರು. ಅಪ್ಪ ಹೋದ್ಮೇಲೆ ನನ್ನ ಓದಿಸಿದ್ದೇ ಆ ಅಂಗಡಿ ಮೇಡಂ."

"ಆ ಮೂವತ್ತಾರು ಜನ?"

"ಪರದೆ ಮೇಲೆ ಅದೊಂದು ಅಂಕಿ. ಜನ ಕಾಣಿಸ್ಲಿಲ್ಲ."

12.40ಕ್ಕೆ ಬಂಧನ. ಸಂಜೆಯೊಳಗೆ ಹುಡುಗಿ ನಕಾಶೆಯನ್ನು ಸರಿಪಡಿಸಿದಳು.

ಆರು ಗಂಟೆಗೆ ಅಣ್ಣ ಬಂದ. ಎಲ್ಲವನ್ನೂ ನಿಂತೇ ಕೇಳಿದ.

"ಈ ತಿಂಗಳ ಕೊನೆಗೆ ನಾನೇ ಅಂಗಡಿ ಮುಚ್ಚೋದು ಅಂತ ತೀರ್ಮಾನ ಮಾಡಿದ್ದೆ. ಪರಿಹಾರದ ಅರ್ಜೀನೂ ತುಂಬಿಸಿಟ್ಟಿದ್ದೆ. ಅವನಿಗೆ ನೋವಾಗುತ್ತೇಂತ ಹೇಳಿರಲಿಲ್ಲ ಮೇಡಂ."

ಇನ್‌ಸ್ಪೆಕ್ಟರ್ ಅವನಿಗೆ ಕುರ್ಚಿ ಎಳೆದುಕೊಟ್ಟು, ಹೇಳಿಕೆ ಬರೆದುಕೊಳ್ಳಲು ಹಾಳೆ ತೆಗೆದುಕೊಂಡಳು.