ಹೊತ್ತು ಮುಳುಗಿದ ಮೇಲೆ ನಲವತ್ತೆಂಟು ನಿಮಿಷ

ಸೆಪ್ಟೆಂಬರ್ 17, ಬುಧವಾರ. ಬೆಳಿಗ್ಗೆ 10:20ಕ್ಕೆ ಉಗಾರ ಬುದ್ರುಕದ ಕಬ್ಬಿನ ರೈತ ಶ್ರೇಣಿಕ ಕಾಗವಾಡ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ. ಕೈಯಲ್ಲಿ ಒಂದೂವರೆ ಪುಟದ ಅರ್ಜಿ, ಹಿಂದೆ ಮಗಳು ಪ್ರಾಜಕ್ತಾ. ಅರ್ಜಿಯ ಸಾರಾಂಶ ಇಷ್ಟು: ತನ್ನ ಮನೆಯ ವೈಫೈ ದಿನಾ ಸಂಜೆ ಕಡಿದುಹೋಗುತ್ತಿದೆ, ಕಡಿಯುತ್ತಿರುವವನು ಪಕ್ಕದ ಮನೆಯ ಗಿರಣಿ ಭೀಮಸಿ, ಅವನ ಮೇಲೆ ಎಫ್‌ಐಆರ್ ದಾಖಲಿಸಿ ಕೂಡಲೇ ಬಂಧಿಸಬೇಕು.

ಪಿ.ಎಸ್.ಐ. ವಿರುಪಾಕ್ಷಪ್ಪ ಅರ್ಜಿಯನ್ನು ಎರಡು ಸಲ ಓದಿದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಎಮ್ಮೆ ಕಳವು, ಮೋಟಾರು ಕಳವು, ಹೊಲದ ಬದುವಿಗಾಗಿ ತಲೆ ಒಡೆದದ್ದು ಎಲ್ಲವನ್ನೂ ನೋಡಿದ್ದರು. ನೆಟ್ ಹೋಯಿತು ಎಂದು ಠಾಣೆಗೆ ಬಂದವರು ಇವರೇ ಮೊದಲು.

“ನೆಟ್ ಹ್ವಾದ್ರ ನೆಟ್ಟಿನವಂಗ ಫೋನ್ ಮಾಡ್ರಿ. ನಮ್ಮ ಕಡೆ ಯಾಕ ಬಂದ್ರಿ?”

“ಅಂವ ಮೂರು ಸಲ ಬಂದು ನೋಡಿ ಹೋಗ್ಯಾನ್ರಿ ಸಾಹೇಬ್ರ. ಎಲ್ಲಾ ಬರೋಬರಿ ಐತಿ ಅಂತಾನ. ಇದು ಭೀಮಸಿದ ಕೆಲಸ. ನಡುವಿನ ಗ್ವಾಡಿ ಎತ್ತರ ಕಟ್ಟೂದಕ್ಕ ನಾ ಅಡ್ಡ ಬಂದೇನಂತ ಸಿಟ್ಟು ಅವಂಗ. ನೀವು ಬರಂಗಿಲ್ಲಂದ್ರ ಇವತ್ತ ಸಂಜಿಗೆ ನಾನ ಕೊಯ್ತಾ ತಗೊಂಡು ಹೋಗ್ತೇನಿ ನೋಡ್ರಿ!”

“ಅಲ್ಲೋ ಮಾರಾಯಾ, ಇರುವಿ ಸೈತ ತುಳಿಯದ ಮನಿತನ ನಿಂದು. ಕಬ್ಬು ಕಡಿಯೂ ಕೊಯ್ತಾದ್ಲೆ ಮನಷ್ಯಾನ್ನ ಕಡೀತೇನಂತಿ?”

ಆಗ ಪ್ರಾಜಕ್ತಾ ಮುಂದೆ ಬಂದಳು. ಇಪ್ಪತ್ತೆರಡರ ಹುಡುಗಿ, ಕಣ್ಣು ಕೆಂಪಾಗಿದ್ದವು, ಮಾತು ಮಾತ್ರ ನೆಟ್ಟಗಿತ್ತು. ರಾಜ್ಯದ ಮಹಿಳಾ ಚೆಸ್ ತಂಡದ ಆಯ್ಕೆ ಆನ್‌ಲೈನಿನಲ್ಲಿ ನಡೆದಿದೆ. ಸಂಜೆ ಆರಕ್ಕೆ ಆಟ ಶುರು. ಅರ್ಧ ತಾಸಿನಲ್ಲಿ ಮುಗಿದ ಮೂರು ಆಟ ಗೆದ್ದಿದ್ದಾಳೆ. ಉದ್ದವಾದ ಎರಡು ಆಟಗಳಲ್ಲಿ ನಡುವೆ ನೆಟ್ ಹೋಗಿ ಸೋತಿದ್ದಾಳೆ. ಶನಿವಾರ ಕೊನೆಯ ಆಟ, ತಂಡದಲ್ಲಿ ಉಳಿದಿರುವುದು ಒಂದೇ ಜಾಗ.

“ಸೋತದ್ದಕ್ಕ ಅಳಾಕತ್ತಿಲ್ರಿ ಸರ. ಆಟ ಕೆಡಾಕತ್ತಿದ ಕೂಡ್ಲೆ ನಾನ ಬೇಕಂತ ನೆಟ್ ಕಡೀತೇನಂತ ಆಯ್ಕೆ ಸಮಿತಿಯವ್ರು ಬರದಾರ. ಇನ್ನೊಂದ್ಸಲ ಮೂರು ನಿಮಿಷಕ್ಕಿಂತ ಹೆಚ್ಚು ಹೋತಂದ್ರ ಎರಡು ವರ್ಷ ಹೆಸರು ತಗೀತಾರಂತ. ಕಳ್ಳಿ ಅಂದಂಗಾತಲ್ರಿ.”

ಕಳ್ಳಿ ಎಂಬ ಮಾತಿಗೆ ವಿರುಪಾಕ್ಷಪ್ಪ ಪೆನ್ನು ಎತ್ತಿಕೊಂಡರು. ಎಫ್‌ಐಆರ್ ಮಾಡುವಂಥ ಪ್ರಕರಣ ಇದಾಗಿರಲಿಲ್ಲ. ಅರ್ಜಿಯನ್ನು ಎನ್.ಸಿ., ಅಂದರೆ ಅಸಂಜ್ಞೇಯ ಪ್ರಕರಣ, ಎಂದು ನಮೂದಿಸಿಕೊಂಡು, “ಕೊಯ್ತಾ ಅಟ್ಟದ ಮ್ಯಾಲ ಒಗದು ಸುಮ್ಮ ಕುಂದ್ರು” ಎಂದು ಶ್ರೇಣಿಕನಿಗೆ ತಾಕೀತು ಮಾಡಿ ಜೀಪು ಹತ್ತಿದರು.

ಮಧ್ಯಾಹ್ನ 12:15, ಸ್ಥಳ ಪಂಚನಾಮೆ. ಹೆಡ್ ಕಾನ್‌ಸ್ಟೇಬಲ್ ಮಲ್ಲೇಶ ಬರೆದುಕೊಂಡ, ಮಹಿಳಾ ಕಾನ್‌ಸ್ಟೇಬಲ್ ಅಕ್ಕವ್ವ ಅಳೆದಳು. ಮನೆ ಉದ್ದಕ್ಕಿದೆ, ಕಲ್ಲಿನ ಗೋಡೆಗಳು ಎರಡು ಮೊಳ ದಪ್ಪ. ನೆಟ್ ಜೋಡಿಸಿದ ಸಂದೇಶನನ್ನೂ ಕರೆಸಲಾಗಿತ್ತು. ಅವನು ಮೂರು ಬಿಳಿ ಡಬ್ಬಿ ತೋರಿಸಿದ. ಒಂದು ಪಡಸಾಲೆಯಲ್ಲಿ, ಒಂದು ನಡುಮನೆಯ ದೇವರ ಕೋಣೆಯ ಗೂಡಿನಲ್ಲಿ, ಇನ್ನೊಂದು ಹಿಂದಿನ ಮಾಳಿಗೆಯ ಮೇಲೆ ಪ್ರಾಜಕ್ತಾಳ ಕೋಣೆಯಲ್ಲಿ.

“ಬಾವಿಯಿಂದ ಕೊಡ ಕೈಯಿಂದ ಕೈಗೆ ದಾಟಿಸಿದಂಗ್ರಿ ಸರ. ನೆಟ್ ಮೊದಲನೇದ್ರಿಂದ ಎರಡನೇದಕ್ಕ, ಅಲ್ಲಿಂದ ಮೂರನೇದಕ್ಕ. ನಡುಕಿನಾಂವ ಕೈ ಬಿಟ್ಟಂದ್ರ ಮ್ಯಾಲ ನೀರು ಹೋಗಂಗಿಲ್ಲ.”

“ನಡುಕಿನಾಂವ ಯಾಕ ಕೈ ಬಿಡಾಕತ್ತಾನ?”

“ಅದ ತಿಳೀವಲ್ದು. ನಾ ಬಂದಾಗೆಲ್ಲಾ ಚಂದ ನಡದಿರತೈತಿ. ಹತ್ತು ತಾರೀಖಿಗೆ ನಾನ ಅದನ್ನ ಉಗ್ರಾಣದಿಂದ ತಂದು ಈ ಗೂಡಿನ್ಯಾಗ ಇಟ್ಟೇನಿ. ಆಟಕ್ಕ ಛಲೋ ಸಿಗಲೆಂತ ಪ್ರಾಜಕ್ತಾನ ಹೇಳಿದ್ಲು.”

ಪಡಸಾಲೆಯಲ್ಲೇ ಆಡಬಾರದೇ ಎಂದು ಮಲ್ಲೇಶ ಕೇಳಿದ. ಒಬ್ಬಳೇ, ಮುಚ್ಚಿದ ಕೋಣೆಯಲ್ಲಿ, ಎರಡು ಕ್ಯಾಮೆರಾ ಮುಂದೆ ಕೂರಬೇಕೆಂಬುದು ನಿಯಮ. ಪಡಸಾಲೆಗೆ ಆರು ಬಾಗಿಲು. ಫೋನಿನ ನೆಟ್ ಆ ಕಲ್ಲುಗೋಡೆಯೊಳಗೆ ಒಂದು ಕಡ್ಡಿಯೂ ಬರುತ್ತಿರಲಿಲ್ಲ.

ದೇವರ ಕೋಣೆಯೊಳಗೆ ಮಾತ್ರ ಪೊಲೀಸರು ಕಾಲಿಡಲಿಲ್ಲ. ಸೊಂಟದಲ್ಲಿ ಚರ್ಮದ ಬೆಲ್ಟು, ಒಳಗೆ ಜಿನಬಿಂಬ. ವಿರುಪಾಕ್ಷಪ್ಪ ಹೊಸ್ತಿಲಲ್ಲೇ ನಿಂತು ಇಣುಕಿದರು. ಗೂಡಿನಲ್ಲಿ ಡಬ್ಬಿ, ಅದರ ನೆತ್ತಿಯಲ್ಲಿ ಶೇಂಗಾ ಬೀಜದಷ್ಟು ನೀಲಿ ದೀಪ, ಪಕ್ಕದಲ್ಲಿ ಕಿಟಕಿ. ಒಳಗೆ ಶ್ರೇಣಿಕನ ತಾಯಿ ಕುಸುಮಬಾಯಿ, ಎಪ್ಪತ್ತೆಂಟರ ಅಜ್ಜಿ, ಒಂದು ಇರುವೆಯನ್ನು ಕಾಗದದ ಚೂರಿನ ಮೇಲೆ ಹತ್ತಿಸಿಕೊಂಡು ಕಿಟಕಿಯಾಚೆ ಬಿಡುತ್ತಿದ್ದರು.

“ಅಜ್ಜಿ, ಈ ಡಬ್ಬಿ ನೀವೇನರ ಬಂದ್ ಮಾಡತೀರೇನು?”

“ಇಲ್ಲೋ ಯಪ್ಪಾ. ಬಟನ್ ಮುಟ್ಟಬ್ಯಾಡ ಅಂತ ಪ್ರಾಜು ಹೇಳ್ಯಾಳ. ಮುಟ್ಟಿಲ್ಲ.”

ಅಜ್ಜಿ ಸುಳ್ಳು ಹೇಳುವವರಲ್ಲ. ಮಲ್ಲೇಶ ಹಾಗೇ ಬರೆದುಕೊಂಡ.

2:40ಕ್ಕೆ ಭೀಮಸಿಯ ವಿಚಾರಣೆ. ಮೈತುಂಬ ಹಿಟ್ಟು ಮೆತ್ತಿಕೊಂಡು ಬಂದವನು ಓಣಿಗೆಲ್ಲ ಕೇಳುವಂತೆ ಕೂಗಿದ.

“ಹುಡುಗಿ ಆಟ ಕೆಡಸೂವಷ್ಟು ಹಲ್ಕಟ್ ಅದೇನೇನ್ರಿ ನಾ? ಗ್ವಾಡಿ ಜಗಳ ಆಕಿ ಅಪ್ಪನ ಕೂಡ. ಆಕಿ ಜಿಲ್ಲಾಕ್ಕ ಫಸ್ಟ್ ಬಂದಾಗ ಓಣಿಗೆ ಪೇಢೆ ಹಂಚಿದಾಂವ ನಾ!”

“ಗಿರಣಿ ಎಷ್ಟಕ್ಕ ಚಾಲೂ ಮಾಡ್ತಿ?”

“ಸಂಜಿ ಆರೂವರಿಗೆ.”

“ಈಗ ಮಾಡು.”

ಗಿರಣಿ ಹತ್ತು ನಿಮಿಷ ಗುಡುಗಿತು. ಮಾಳಿಗೆಯಲ್ಲಿ ನೆಟ್ ಕದಲಲಿಲ್ಲ. ಅಲ್ಲದೆ 15ನೇ ತಾರೀಖು ಭೀಮಸಿ ಗಿರಣಿಗೆ ಬೀಗ ಹಾಕಿ ರಾಯಬಾಗದಲ್ಲಿ ಅಳಿಯನ ಮನೆಯ ಕಾರ್ಯದಲ್ಲಿದ್ದ. ಫೋಟೋ ತೋರಿಸಿದ. ಆ ದಿನವೂ ನೆಟ್ ಹೋಗಿತ್ತು. ಇದ್ದ ಒಬ್ಬ ಆರೋಪಿಯೂ ಕೈಬಿಟ್ಟುಹೋದ. ಮಲ್ಲೇಶ, “ಹೋತ್ ಬಿಡ್ರಿ, ಕೇಸ್ ಹಳ್ಳಾ ಹಿಡೀತು” ಎಂದ.

ಹೊರಡುವಾಗ ಅಕ್ಕವ್ವ ಸಂದೇಶನ ಫೋನಿನಿಂದ ಒಂದು ಪಟ್ಟಿ ಬರೆದುಕೊಂಡಿದ್ದಳು. ಎರಡನೇ ಡಬ್ಬಿ ಯಾವ ದಿನ ಎಷ್ಟಕ್ಕೆ ಮಾತು ನಿಲ್ಲಿಸಿತು, ಎಷ್ಟಕ್ಕೆ ಮರಳಿತು ಎಂಬ ಲೆಕ್ಕ. ಗುರುವಾರ, ಶುಕ್ರವಾರ ಎರಡೂ ದಿನ ಠಾಣೆಯವರೆಲ್ಲ ಅಥಣಿಯಲ್ಲಿ ಬಂದೋಬಸ್ತಿಗೆ ನಿಲ್ಲಬೇಕಾಯಿತು. ಶುಕ್ರವಾರ ಸಂಜೆ ರಸ್ತೆ ಬದಿಯಲ್ಲಿ ಲಾಠಿ ಹಿಡಿದು ನಿಂತವಳು ಕಬ್ಬಿನ ಮೇಲೆ ಹೊತ್ತು ಮುಳುಗುವುದನ್ನು ನೋಡಿದಳು. ಗಡಿಯಾರದಲ್ಲಿ 6:30. ಏನೋ ಹೊಳೆದಂತಾಗಿ ಕಿಸೆಯ ಪಟ್ಟಿ ತೆಗೆದಳು. ಹನ್ನೊಂದನೇ ತಾರೀಖು 6:37. ಹದಿಮೂರಕ್ಕೆ 6:35. ಹದಿನಾರಕ್ಕೆ 6:33. ಎದುರಿನ ಚಹಾದಂಗಡಿಗೆ ಓಡಿ ಗೋಡೆಯ ಕ್ಯಾಲೆಂಡರಿನಲ್ಲಿ ಸೂರ್ಯಾಸ್ತದ ಸಾಲಿನ ಮೇಲೆ ಬೆರಳಿಟ್ಟಳು.

“ಸಾಹೇಬ್ರ, ನೆಟ್ ಗಡಿಯಾರ ನೋಡಿ ಹೋಗಾಕತ್ತಿಲ್ರಿ! ಹೊತ್ತು ನೋಡಿ ಹೋಗಾಕತ್ತೈತಿ. ಹೊತ್ತು ಮುಳುಗಿತಂದ್ರ ಹೋಗತೈತಿ, ನಲವತ್ತೆಂಟು ನಿಮಿಷಕ್ಕ ಬರತೈತಿ. ಒಂದು ದಿನಾನೂ ತಪ್ಪಿಲ್ಲ.”

ವಿರುಪಾಕ್ಷಪ್ಪ ಪಟ್ಟಿಯನ್ನೂ ಅವಳನ್ನೂ ನೋಡಿದರು. “ಶಾಬ್ಬಾಸ್ ಅಕ್ಕವ್ವ! ಮಷೀನಿಗೆ ಹೊತ್ತು ತಿಳಿಯಂಗಿಲ್ಲ. ಇದು ಮನಷ್ಯಾನ ಕೈ. ಮನಿಯೊಳಗಿನ ಕೈ.”

ಶನಿವಾರ ಸಂಜೆ 5:40ಕ್ಕೆ ಮೂವರೂ ಶ್ರೇಣಿಕನ ಮನೆಯಲ್ಲಿದ್ದರು. ಹೊತ್ತು ಮುಳುಗಿದ ಮೇಲೆ ಉಣ್ಣದ ಮನೆ ಅದು. ಆ ಹೊತ್ತಿಗೆ ಎಲ್ಲರೂ ಅಡಿಗೆಮನೆಯಲ್ಲಿ ತಟ್ಟೆಯ ಮುಂದೆ ಇರುತ್ತಾರೆ, ನಡುಮನೆಯಲ್ಲಿ ನರಪಿಳ್ಳೆ ಇರುವುದಿಲ್ಲ. ಮಲ್ಲೇಶ ಮತ್ತು ಸಂದೇಶ ಪಡಸಾಲೆಯಲ್ಲಿ, ವಿರುಪಾಕ್ಷಪ್ಪ ಅಂಗಳದಲ್ಲಿ ಕುಳಿತರು. ಅಕ್ಕವ್ವ ಬೂಟು, ಬೆಲ್ಟು ಎರಡನ್ನೂ ಕಳಚಿಟ್ಟು ನಡುಮನೆಯ ಕಂಬದ ಮರೆಯಲ್ಲಿ ನಿಂತಳು. ಆರಕ್ಕೆ ಪ್ರಾಜಕ್ತಾ ಮಾಳಿಗೆಯ ಬಾಗಿಲು ಹಾಕಿಕೊಂಡಳು.

6:24ಕ್ಕೆ ಕುಸುಮಬಾಯಿ ಬಾಯಿ ಮುಕ್ಕಳಿಸಿ, ಕೈಕಾಲು ತೊಳೆದು ದೇವರ ಕೋಣೆಗೆ ಹೋದರು. ಅಜ್ಜಿ ದಿನಾ ಹೋಗುವವರೇ, ಅಕ್ಕವ್ವ ತಲೆ ಕೆಡಿಸಿಕೊಳ್ಳಲಿಲ್ಲ. ಅವಳ ಕಣ್ಣು ಅಡಿಗೆಮನೆಯ ಬಾಗಿಲ ಮೇಲಿತ್ತು.

6:30ಕ್ಕೆ ಪಡಸಾಲೆಯಿಂದ ಮಲ್ಲೇಶನ ಕೂಗು ಬಂತು. “ಹೋತು! ಹೋತ್ರಿ ಸಾಹೇಬ್ರ!”

ಅಡಿಗೆಮನೆಯಿಂದ ಬೇರೆ ಯಾರೂ ಬಂದಿರಲಿಲ್ಲ. ಅಕ್ಕವ್ವ ದೇವರ ಕೋಣೆಗೆ ನುಗ್ಗಿದಳು. ಅಜ್ಜಿ ಮಣೆಯ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದರು. ಗೂಡಿನಲ್ಲಿ ಡಬ್ಬಿ ಕಾಣಲಿಲ್ಲ. ಅದರ ಮೇಲೆ ದೊಡ್ಡದೊಂದು ಹಿತ್ತಾಳೆ ಬೋಗುಣಿ ಬೋರಲಾಗಿ ಕುಳಿತಿತ್ತು.

“ಬೋಗೋಣಿ ಮುಚ್ಚ್ಯಾರ್ರಿ!” ಎಂದು ಅಕ್ಕವ್ವ ಪಿಸುಗುಟ್ಟಿದಳು.

ಬೆಲ್ಟು ಬಿಚ್ಚುತ್ತಲೇ ಹೊಸ್ತಿಲಿಗೆ ಬಂದ ಸಂದೇಶನ ಹಣೆಯಲ್ಲಿ ಬೆವರಿತ್ತು. “ಹಿತ್ತಾಳಿಯೊಳಗ ಸಿಕ್ಕರ ನೆಟ್ ಹೊರಗ ಬರಂಗಿಲ್ರಿ. ಎತ್ರಿ, ಎತ್ರಿ! ಮೂರು ನಿಮಿಷದೊಳಗ ಕೂಡಬೇಕು!”

ಅಕ್ಕವ್ವ ಬೋಗುಣಿ ಎತ್ತಿದಳು. ನೀಲಿ ಬೆಳಕು ಗೂಡು ತುಂಬಿತು. ಮರುಕ್ಷಣವೇ ಕಿಟಕಿಯಿಂದ ಹಾತೆಗಳು, ಮಳೆಹುಳುಗಳು ಗುಂಪಾಗಿ ನುಗ್ಗಿ ಆ ದೀಪಕ್ಕೆ ಡಿಕ್ಕಿ ಹೊಡೆಯತೊಡಗಿದವು. ಗೋಡೆಯ ಹಲ್ಲಿಯೊಂದು ಸರ್ರನೆ ಇಳಿದು ಬಾಯಿ ಹಾಕಿತು. ಅಜ್ಜಿ ಕಣ್ಣು ತೆರೆಯಲಿಲ್ಲ, ಆದರೆ ಮುಚ್ಚಿದ ರೆಪ್ಪೆಯಡಿಯಿಂದ ನೀರು ಇಳಿಯಿತು.

ಅಯ್ಯೋ ದೇವರೇ, ಅಕ್ಕವ್ವನಿಗೆ ಆಗ ಎಲ್ಲ ಅರ್ಥವಾಯಿತು. ಭೋಜದಲ್ಲಿ ಅವಳ ತವರಿನ ಪಕ್ಕದ ಮನೆಯವರೂ ಜೈನರೇ. ಸಂಜೆಯ ಸಾಮಾಯಿಕವೆಂಬ ಧ್ಯಾನ ನಲವತ್ತೆಂಟು ನಿಮಿಷ, ನಡುವೆ ಮಾತಿಲ್ಲ, ಏಳುವಂತಿಲ್ಲ. ಬೋಗುಣಿ ಮುಚ್ಚಿದರೆ ಹುಡುಗಿಯ ಮಾನ ಹೋಗುತ್ತದೆ, ಮುಚ್ಚದಿದ್ದರೆ ಹುಳು ಸತ್ತು ಅಜ್ಜಿಯ ವ್ರತ ಕೆಡುತ್ತದೆ. ಒಂದೂವರೆ ನಿಮಿಷ ಆಗಲೇ ಹೋಗಿತ್ತು.

ಅಕ್ಕವ್ವ ಹಣೆಗೆ ಕೈಹಾಕಿದಳು. ದೊಡ್ಡ ಕರಿ ಟಿಕಳಿಯನ್ನು ಕಿತ್ತು ಆ ದೀಪದ ಮೇಲೆ ಒತ್ತಿ ಅಂಟಿಸಿದಳು. ಗೂಡು ಕತ್ತಲಾಯಿತು. ಹುಳುಗಳು ಅತ್ತಿತ್ತ ಸುತ್ತಿ ಕಿಟಕಿಯಾಚೆ ಹೊರಟವು. ಹಲ್ಲಿ ಉಪವಾಸ ಹೋಯಿತು.

“ಎರಡು ನಿಮಿಷ ಹತ್ತು ಸೆಕೆಂಡ್,” ಎಂದ ಸಂದೇಶ. “ಹುಡುಕಾಕತ್ತೈತಿ... ಎರಡು ಮೂವತ್ತು... ಬಾರಲೇ ಬಾರಲೇ... ಕೂಡಿತು! ಎರಡು ನಿಮಿಷ ನಲವತ್ತು!”

ಮಾಳಿಗೆಯ ಮೇಲೆ ಏನು ನಡೆದಿದೆ ಎಂದು ಕೆಳಗಿನವರಿಗೆ ತಿಳಿಯುವಂತಿರಲಿಲ್ಲ. ನೆಟ್ ಹೋದಾಗಲೂ ಪ್ರಾಜಕ್ತಾಳ ಸಮಯ ಓಡುತ್ತಲೇ ಇತ್ತು, ಅವಳಿಗೆ ಉಳಿದದ್ದು ನಾಲ್ಕು ನಿಮಿಷ. ಶ್ರೇಣಿಕ ಕಂಬ ಹಿಡಿದು ಕೂತ. ವಿರುಪಾಕ್ಷಪ್ಪ ಟೋಪಿ ತೆಗೆದರು, ಹಾಕಿದರು, ಮತ್ತೆ ತೆಗೆದರು. ಗೋಡೆಯಾಚೆ ಭೀಮಸಿ ಗಿರಣಿ ನಿಲ್ಲಿಸಿ ಕಿವಿಗೊಟ್ಟು ನಿಂತಿದ್ದ.

6:52ಕ್ಕೆ ಮಾಳಿಗೆಯ ಬಾಗಿಲು ದಢಾರನೆ ತೆರೆಯಿತು. “ಅಪ್ಪಾ! ಗೆದ್ದೆ! ಟೀಮಿನ್ಯಾಗ ಅದೇನಿ!”

“ಶ್ಶ್! ಅಜ್ಜಿ ಸಾಮಾಯಿಕದಾಗ ಕುಂತಾರ!” ಎಂದಳು ಅಕ್ಕವ್ವ.

ಇಂಥ ಗೆಲುವನ್ನು ಕಾಗವಾಡ ಠಾಣೆಯವರು ಹಿಂದೆಂದೂ ಆಚರಿಸಿರಲಿಲ್ಲ. ಶ್ರೇಣಿಕ ಸದ್ದಿಲ್ಲದೆ ಕುಣಿದ. ಮಲ್ಲೇಶ ಸದ್ದಿಲ್ಲದೆ ಚಪ್ಪಾಳೆ ತಟ್ಟಿದ. ಪ್ರಾಜಕ್ತಾ ಬಾಯಿಗೆ ಸೆರಗು ಒತ್ತಿಕೊಂಡು ಅಕ್ಕವ್ವನ ಕೊರಳಿಗೆ ಬಿದ್ದಳು. ಗೋಡೆಯ ಮೇಲೆ ತಲೆ ಹಾಕಿದ ಭೀಮಸಿಗೆ ಶ್ರೇಣಿಕ ಎರಡೂ ಕೈ ಮುಗಿದ. ಅವನು ಕಣ್ಣೊರೆಸಿಕೊಂಡು “ಇರಲಿ ಬಿಡಪಾ” ಎಂದು ಕೈಸನ್ನೆ ಮಾಡಿದ. 7:18ಕ್ಕೆ ಅಜ್ಜಿ ಕಣ್ಣು ತೆರೆದು ಕೈಮುಗಿದರೋ ಇಲ್ಲವೋ, ಅಷ್ಟು ಹೊತ್ತು ತಡೆಹಿಡಿದ ಕೂಗೆಲ್ಲ ಒಮ್ಮೆಲೇ ಹೊರಬಿದ್ದು ಓಣಿಯ ನಾಯಿಗಳೆಲ್ಲ ಬೊಗಳಿದವು.

7:25ಕ್ಕೆ ಆರೋಪಿಯ ವಿಚಾರಣೆ.

“ಅಜ್ಜಿ, ನಾಕು ದಿನದಿಂದ ಹುಡುಕಾಕತ್ತಿದ್ದ ಕಳ್ಳರು ನೀವ. ಅರೆಸ್ಟ್ ಮಾಡಬೇಕಾಗತೈತಿ.”

“ಮಾಡೋ ಯಪ್ಪಾ. ಖರೇ ನನ್ನ ಊಟಾ ಆಗೇತಿ. ಲಾಕಪ್ಪಿನ್ಯಾಗ ರೊಟ್ಟಿ ಕೊಟ್ರ ಮುಂಜಾನೆ ತನಕಾ ಮುಟ್ಟಂಗಿಲ್ಲ.”

“ಡಬ್ಬಿ ಮುಟ್ಟಿಲ್ಲ ಅಂದಿದ್ರಿ?”

“ಬಟನ್ ಮುಟ್ಟಿಲ್ಲ. ಬೆಳಕಿಗಷ್ಟ ಮುಚ್ಚಿದೆ. ಮೊದಲ ಅರಿವಿ ಹಾಕಿದೆ, ಅದ್ರೊಳಗಿಂದೂ ಬೆಳಕು ಬಂತು. ಬೋಗೋಣಿ ಮುಚ್ಚಿದ್ರ ನೆಟ್ಟಿಗೆ ಉಸರು ಕಟ್ಟತೈತಂತ ನನಗೇನ ಗೊತ್ತು?”

“ನೆಟ್ ಹೋಗಾಕತ್ತೇತಂತ ಮನಿ ತುಂಬ ಒದರಾಡಾಕತ್ತಿದ್ರಲ್ಲ?”

“ಭೀಮಸಿ ಮಾಡ್ಯಾನ ಅಂತಿದ್ರು. ನನ್ನ ಬೋಗೋಣಿ ಮಾಡೇತಂತ ಯಾರೂ ಅನಲಿಲ್ಲ.”

ವಿರುಪಾಕ್ಷಪ್ಪ ನಕ್ಕರು. ನಂತರ ನಗು ನಿಲ್ಲಿಸಿ ಮೆಲ್ಲಗೆ ಕೇಳಿದರು. “ಚಾತುರ್ಮಾಸದಾಗ ಹುಳಾ ಸಾಯಬಾರದು, ಅದು ತಿಳೀತು. ಡಬ್ಬಿ ಬ್ಯಾರೆ ಕಡೆ ಇಡ್ರೆಂತ ಪ್ರಾಜಕ್ತಾಗ ಹೇಳಬೇಕಿತ್ತಲ್ಲ ಅಜ್ಜಿ?”

ಕುಸುಮಬಾಯಿ ಮೊಮ್ಮಗಳ ಕಡೆ ನೋಡಿದರು. “ಆಟಕ್ಕಂತ ಆಕಿನ ಅದನ್ನ ಅಲ್ಲಿ ಇಡಸ್ಯಾಳ. ಹೇಳಿದ್ರ ತಗಿಸಿಬಿಡತಿದ್ಲು, ಆಟ ಕೆಡತಿತ್ತು. ಹಂಗ ಬಿಟ್ರ ಅದಕ್ಕ ಬಡದು ಸತ್ತ ಹುಳದ ಪಾಪ ಆಕಿಗೆ ಹತ್ತತಿತ್ತು. ಆಡೂ ಕೂಸು. ಆಕಿಗೆ ಯಾಕ ಹತ್ತಬೇಕು? ಅದಕ್ಕ ದಿನಾ ನಾನ ಮುಚ್ಚಿ ಕುಂದ್ರತಿದ್ದೆ.”

ಪ್ರಾಜಕ್ತಾ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಗಳಗಳನೆ ಅತ್ತಳು. ಎರಡು ಆಟ ಸೋತಾಗಲೂ ಅವಳು ಹೀಗೆ ಅತ್ತಿರಲಿಲ್ಲ.

ಹಿತ್ತಾಳೆ ಬೋಗುಣಿ ಒಂದನ್ನು ಇಬ್ಬರು ಪಂಚರ ಸಮಕ್ಷಮ ಜಪ್ತು ಮಾಡಿ, ಪಂಚನಾಮೆಗೆ ಭೀಮಸಿಯಿಂದಲೇ ಮೊದಲ ಸಹಿ ಹಾಕಿಸಿ, ಬೋಗುಣಿಯನ್ನು ಅಡಿಗೆಮನೆಗೆ ಮರಳಿಸಲಾಯಿತು. ಶ್ರೇಣಿಕ ಅರ್ಜಿ ಹಿಂಪಡೆದ. ಆಯ್ಕೆ ಸಮಿತಿಗೆ ಠಾಣೆಯ ಮೊಹರು ಹಾಕಿದ ಪತ್ರವೊಂದು ಹೋಯಿತು: ನೆಟ್ ಕಡಿತಕ್ಕೆ ಆಟಗಾರ್ತಿ ಕಾರಣಳಲ್ಲ. ಠಾಣೆಯ ವರದಿಯಲ್ಲಿ ಆರೋಪಿಯ ಉದ್ದೇಶ ಎಂಬ ಕಲಮಿನ ಎದುರು ವಿರುಪಾಕ್ಷಪ್ಪ “ಮೊಮ್ಮಗಳು” ಎಂದಷ್ಟೇ ಬರೆದರು.

ಜೀಪು ಹೊರಡುವ ಮುಂಚೆ ಪ್ರಾಜಕ್ತಾ ಹೊಸ ಟಿಕಳಿ ಪಾಕೀಟು ಹಿಡಿದು ಓಡಿಬಂದು ಅಕ್ಕವ್ವನ ಹಣೆಗೆ ಒಂದನ್ನು ತಾನೇ ಹಚ್ಚಿದಳು. ಹಳೆಯದನ್ನು ಡಬ್ಬಿಯ ಮೇಲಿಂದ ಕೀಳಲು ಆ ಮನೆಯಲ್ಲಿ ಯಾರೂ ಒಪ್ಪಲಿಲ್ಲ.