ಹಸಿರು ಬಾಗಿಲಿನ ನೀಲಿ ಕಾರು

ಆ ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಯ ಚರಿತ್ರೆಯಲ್ಲೇ ಅಪೂರ್ವವೆನ್ನಬಹುದಾದ, ಕಾನೂನು ಸುವ್ಯವಸ್ಥೆಯ ಬುಡವನ್ನೇ ಅಲುಗಾಡಿಸಬಲ್ಲ ಅಪರಾಧವೊಂದು ವರದಿಯಾಯಿತು. ಪುಕ್ಕಟೆ ಕೊಟ್ಟರೂ ಯಾರೂ ಮುಟ್ಟದಂಥ ಕಾರೊಂದನ್ನು ಯಾರೋ ಕದ್ದಿದ್ದರು.

ದೂರು ತಂದವನು ಹೊರದೇಶದಿಂದ ಬಂದು ಇಲ್ಲಿ ಲಿಫ್ಟ್ ರಿಪೇರಿ ಮಾಡಿಕೊಂಡಿದ್ದವನು. ಇಲ್ಲಿಯ ಮಾತನ್ನು ಅವನು ಕಲಿತದ್ದೆಲ್ಲ ಸರ್ಕಾರಿ ಕೌಂಟರುಗಳ ಮುಂದೆ ನಿಂತು. ಹಾಗಾಗಿ ಬಾಯಿ ಬಿಟ್ಟರೆ ಅರ್ಜಿಯೇ ಬರುತ್ತಿತ್ತು.

"ಮಾನ್ಯರೇ, ನನ್ನ ಮಾಲೀಕತ್ವದ ನೀಲಿ ಬಣ್ಣದ ವಾಹನವು ಶನಿವಾರ ರಾತ್ರಿ ಕಳುವಾಗಿರುತ್ತದೆ. ಸೂಕ್ತ ಕ್ರಮ ಜರುಗಿಸಬೇಕಾಗಿ ವಿನಂತಿ."

"ಕೂತ್ಕೊಳ್ಳಿ," ಎಂದರು ಇನ್ಸ್‌ಪೆಕ್ಟರ್ ಮೇಡಂ. "ಪೂರ್ತಿ ನೀಲಿನಾ?"

"ಎಡಗಡೆಯ ಬಾಗಿಲು ಹಸಿರು ಇರುತ್ತದೆ."

ದಫೇದಾರರು ಕೆಮ್ಮಿನ ನೆಪದಲ್ಲಿ ನಕ್ಕರು.

"ಆಯ್ತು, ಹುಡುಕ್ತೀವಿ."

"ಶ್ರಮ ಬೇಡ. ಪತ್ತೆಯಾಗಿಲ್ಲವೆಂಬ ವರದಿಯನ್ನು ಯಾವಾಗ ನೀಡಲಾಗುವುದು?"

ಮೇಡಂಗೆ ಅದು ಚುಚ್ಚಿತು. ಹಿಂದಿನ ವಾರವಷ್ಟೇ ಮೇಲಿನ ಸಾಹೇಬರು ಮೀಟಿಂಗಿನಲ್ಲಿ ಎಲ್ಲರೆದುರು, "ನಿಮ್ಮ ಸರಹದ್ದಲ್ಲಿ ಕಳುವಾದ ಗಾಡಿಗಳು ಆವಿಯಾಗಿ ಹೋಗ್ತವೇನಮ್ಮ?" ಎಂದು ಕೇಳಿದ್ದರು. ಅಂದಿನಿಂದ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಎಫ್‌ಐಆರ್ ದಾಖಲಾಯಿತು. ಈ ಕಾರು ಸಿಗಲೇಬೇಕೆಂದು ಮೇಡಂ ಹಲ್ಲು ಕಚ್ಚಿ ಹೊರಟರು.

ಕಾರು ನಿಲ್ಲುತ್ತಿದ್ದದ್ದು ಅವನ ಬಾಡಿಗೆ ಕೋಣೆಯ ಹಿಂದಿನ ಓಣಿಯಲ್ಲಿ. ಸ್ಥಳ ಪಂಚನಾಮೆಯಲ್ಲಿ ಬರೆಯಲು ಒಂದು ಎಣ್ಣೆ ಕಲೆ ಬಿಟ್ಟು ಬೇರೇನೂ ಸಿಗಲಿಲ್ಲ. ಒಡೆದ ಗಾಜಿಲ್ಲ, ಎಳೆದ ಗುರುತಿಲ್ಲ. ಮನೆಯ ಒಡತಿ ಮಹಡಿಯಿಂದ ಇಳಿದು ಬಂದರು.

"ಅದನ್ನ ಕದಿಯೋಕೆ ಯಾರಿಂದಾಗುತ್ತಮ್ಮ? ಅವನ ಕೈ ಬಿಟ್ಟು ಇನ್ಯಾರ ಕೈಗೂ ಅದು ಸ್ಟಾರ್ಟ್ ಆಗಲ್ಲ. ನಮ್ಮೆಜಮಾನ್ರು ಒಂದಿನ ಬೆಳಿಗ್ಗೆಯೆಲ್ಲ ಒದ್ದಾಡಿ, ಕೊನೆಗೆ ಅದಕ್ಕೇ ಕೈ ಮುಗಿದು ಬಂದ್ರು."

"ಶನಿವಾರ ಸದ್ದು ಕೇಳಿಸ್ತಾ?"

"ಸಂಜೆ ಕೇಳಿಸ್ತು. ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಅವನೇ ಇರಬೇಕು ಅಂದ್ಕೊಂಡೆ."

"ಒಬ್ಬನೇ ಇರೋದಾ?"

"ಹೆಂಡತಿ ತುಂಬಿದ ಬಸುರಿ, ಅವರ ದೇಶಕ್ಕೆ ಹೋಗಿದಾಳೆ. ಇವನೂ ಹೆರಿಗೆಗೆ ಹೋಗಬೇಕು ಅಂತ ಪೆಟ್ಟಿಗೆ ಕಟ್ಟಿ ಕೂತಿದಾನೆ. ದಿನಾ ಬಿಚ್ಚಿ ಒಂದು ಅಂಗಿ ತಗೋತಾನೆ, ಮತ್ತೆ ಕಟ್ತಾನೆ, ಪಾಪ."

"ಮತ್ತೆ ಹೋಗೋಕೇನು?"

"ಕಾರು ಬಿಡ್ತಿಲ್ಲವಂತೆ."

ಕಾರು ಹೇಗೆ ಬಿಡುವುದಿಲ್ಲ ಎಂಬುದನ್ನು ಮಂಗಳವಾರ ವಾಹನ ಕಚೇರಿಯ ಗುಮಾಸ್ತ ಬಿಡಿಸಿ ಹೇಳಿದ.

"ಹೆಸರಲ್ಲಿ ಗಾಡಿ ಇರೋ ತನಕ ವಿದೇಶಿಯರಿಗೆ ದೇಶ ಬಿಡೋ ಅನುಮತಿ ಇಲ್ಲ ಮೇಡಂ. ಹೆಸರು ತೆಗೀಬೇಕಾದ್ರೆ ರಸ್ತೆ ತೆರಿಗೆ ಕಟ್ಟಿರಬೇಕು."

"ಕಟ್ಟಲಿ."

"ಕಟ್ಟಿಸ್ಕೊಳ್ಳೋಕೆ ವಾಸದ ಪರವಾನಗಿ ಚಾಲ್ತಿಯಲ್ಲಿರಬೇಕು."

"ಮಾಡಿಸ್ಲಿ."

"ಅದಕ್ಕೆ ಕೆಲಸ ಇರಬೇಕು. ದೇಶ ಬಿಡ್ತೀನಿ ಅಂತ ಅವರು ಕೆಲಸ ಬಿಟ್ಟಿದಾರೆ." ತಾನೇ ನೇಯ್ದ ಬಟ್ಟೆ ತೋರಿಸುವವನ ಹಿಗ್ಗು ಗುಮಾಸ್ತನ ಮುಖದಲ್ಲಿತ್ತು.

"ಹಾಗಾದ್ರೆ ದಾರಿನೇ ಇಲ್ವೇನ್ರಿ?"

"ಗಾಡಿ ಕಳುವಾಗಿದ್ರೆ ಇದೆ. ಪತ್ತೆಯಾಗಿಲ್ಲ ಅಂತ ನಿಮ್ಮ ವರದಿ ತಂದ್ರೆ ನಾವೇ ಹೆಸರು ಹೊಡೆದು ಹಾಕ್ತೀವಿ. ಅವರಿಗೂ ಇದನ್ನೇ ಹೇಳಿ ಕಳಿಸ್ದೆ."

ಮೇಡಂ ಅಲ್ಲಿಂದ ನೇರವಾಗಿ ಲಿಫ್ಟ್ ಕಂಪನಿಗೆ ಹೋದರು. ಕೆಲಸ ಬಿಟ್ಟವನು ಒಂದು ಬೀಗದ ಕೈಯನ್ನು ಮಾತ್ರ ಹಿಂದಿರುಗಿಸಿರಲಿಲ್ಲ. ಅದು ಸರಕಿನ ಲಿಫ್ಟ್ ಇದ್ದ, ಮುಚ್ಚಿ ವರ್ಷವಾಗಿದ್ದ ಬಟ್ಟೆ ಗೋದಾಮಿನದು.

ಬುಧವಾರ ನಾಲ್ಕು ಗಂಟೆಗೆ, ಎದುರಿನ ಸೈಕಲ್ ಅಂಗಡಿಯವನನ್ನೂ ಅವನ ಭಾವಮೈದುನನನ್ನೂ ಪಂಚ ಸಾಕ್ಷಿಗಳಾಗಿ ಕರೆದು ಗೋದಾಮು ತೆರೆದರು. ನೀಲಿ ಕಾರು ಒಳಗಿತ್ತು. ನಾಲ್ಕೂ ಚಕ್ರ ನೆಲಕ್ಕೆ ತಾಗದಂತೆ ಇಟ್ಟಿಗೆ ಪೇರಿಸಿತ್ತು. ಬ್ಯಾಟರಿಯ ತಂತಿ ಬಿಚ್ಚಿ ಗ್ರೀಸ್ ಸವರಿತ್ತು. ಮುಗ್ಗಲು ವಾಸನೆ ಹಿಡಿಯದಿರಲೆಂದು ಕಿಟಕಿ ಬೆರಳಗಲ ತೆರೆದಿತ್ತು.

"ಇಷ್ಟು ಉಪಚಾರ ನಮ್ಮತ್ತೆ ಮನೇಲಿ ನನಗೂ ಆಗಿಲ್ಲ ಮೇಡಂ," ಎಂದರು ದಫೇದಾರರು.

ಪಂಚರು ರುಜು ಹಾಕಿದರು. ಮೇಡಂ ಅಲ್ಲಿಂದಲೇ ಸಾಹೇಬರಿಗೆ ಫೋನ್ ಮಾಡಿದರು. ಎಷ್ಟೋ ತಿಂಗಳ ಮೇಲೆ ಒಂದು ಶಭಾಷ್ ಸಿಕ್ಕಿತು.

ಠಾಣೆಗೆ ಮರಳಿದಾಗ ಅವನು ಬೆಂಚಿನ ಅಂಚಿನಲ್ಲಿ ಕೂತಿದ್ದ. ಎದ್ದು ನಿಂತ. "ವರದಿ ಸಿದ್ಧವಾಗಿರುತ್ತದೆಯೇ?"

"ಕಾರು ಸಿಕ್ಕಿದೆ."

ಕಳೆದ ಕಾರು ಸಿಕ್ಕವನ ಮುಖ ಹಾಗೆ ಬಿಳಿಚಿಕೊಳ್ಳುವುದಿಲ್ಲ. ಅವನು ಮತ್ತೆ ಕೂತ. ಅರ್ಜಿಯ ಭಾಷೆ ಬಾಯಿಗೆ ಬರಲಿಲ್ಲ.

"ಎಲ್ರೂ ಹೇಳಿದ್ರು ಮೇಡಂ. ಈ ಠಾಣೆಯಲ್ಲಿ ಕಳುವಾದ ಗಾಡಿ ಸಿಗೋದೇ ಇಲ್ಲ ಅಂತ. ನಾನು ನಂಬಿದ್ದೆ."

"ಕೆರೆಗೆ ನೂಕಿದ್ರೆ ಸಿಗ್ತಿರಲಿಲ್ಲ."

"ಓಡೋ ಗಾಡಿ. ಮನಸ್ಸು ಬರಲಿಲ್ಲ."

"ಇಟ್ಟಿಗೆ ಯಾಕೆ?"

"ನಿಂತಲ್ಲೇ ನಿಂತ್ರೆ ಟೈರ್ ಹಾಳಾಗ್ತವೆ. ಮುಂದೆ ಯಾರಿಗಾದ್ರೂ ಬೇಕಾಗುತ್ತಲ್ಲ."

"ಹೆರಿಗೆ ಯಾವಾಗ?"

"ಈ ವಾರ ಅಂದಿದಾರೆ. ಮೊದಲನೇದು. ಅವಳಿಗೆ ಆಸ್ಪತ್ರೆ ಅಂದ್ರೇನೇ ಭಯ ಮೇಡಂ, ನೀನು ಬಾಗಿಲ ಹೊರಗೆ ನಿಂತಿದ್ರೂ ಸಾಕು ಅಂತಾಳೆ."

ದಫೇದಾರರು ಮೇಡಂ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು. "ಆ ಕಾರು ನಮ್ಮ ಕಣ್ಣಿಗೆ ಬಿದ್ದೇ ಇಲ್ಲ ಅಂದ್ಬಿಟ್ರೆ?"

"ಪಂಚರ ರುಜು ಆಗಿದೆಯಲ್ರೀ."

"ಸೈಕಲ್ ಅಂಗಡಿಯವನು ನಮ್ಮವನೇ ಮೇಡಂ."

"ಸಾಹೇಬರು ನಮ್ಮವರಾ?"

ಮೇಡಂ ಕಿಟಕಿಯವರೆಗೆ ಹೋದರು, ಮರಳಿ ಬಂದರು, ಮತ್ತೆ ಹೋದರು. ಆ ಶಭಾಷ್ ಈಗ ಗಂಟಲಿನ ಮುಳ್ಳಾಗಿತ್ತು. ಇಷ್ಟು ವರ್ಷ ಏನೂ ಹುಡುಕದೆ ನೆಮ್ಮದಿಯಾಗಿದ್ದ ಠಾಣೆ, ಹುಡುಕಬಾರದಿದ್ದ ಒಂದನ್ನೇ ಹುಡುಕಿ ತಂದಿತ್ತು.

ಆರೂವರೆಗೆ, ಸುಳ್ಳು ದೂರು ನೀಡಿದ ಆರೋಪದ ಮೇಲೆ ಅವನ ಬಂಧನವಾಯಿತು. ಅಪರಾಧದ ಉದ್ದೇಶ ಎಂದಿದ್ದ ಕಡೆ ಮೇಡಂ 'ಹೆಂಡತಿಯ ಬಳಿ ಹೋಗಲು' ಎಂದು ಬರೆದರು.

ಮರುದಿನ ಅವನಿಗೆ ಜಾಮೀನು ಸಿಕ್ಕಿತು, ಪ್ರಕರಣ ಮುಗಿಯುವವರೆಗೆ ದೇಶ ಬಿಡಕೂಡದೆಂಬ ಷರತ್ತಿನ ಮೇಲೆ. ಕಾರು ಪ್ರಕರಣದ ಸಾಕ್ಷ್ಯವಾಗಿ, ಮುದ್ದೇಮಾಲಾಗಿ ಠಾಣೆಯ ಹಿತ್ತಲು ಸೇರಿತು. ರಸ್ತೆ ತೆರಿಗೆ ಅವನ ಹೆಸರಿಗೇ ಏರುತ್ತಿದೆ. ಶುಕ್ರವಾರ ಅವನ ಹೆಂಡತಿ ಹೆಣ್ಣುಮಗುವನ್ನು ಹೆತ್ತಳು. ಆರೋಪಿ ಇಲ್ಲೇ ಇದ್ದ.